ಕೊರಳಲ್ಲೇ ಇದ್ದ ಕಾರ್ಡು

“ಮಕ್ಕಳನ್ನ ಸಾಕೋದು ನಿಮಗೇನ್ರೀ ಗೊತ್ತು? ಮದುವೆಯಾದ್ರೂ ಆಗಿದೆಯಾ?”

ಅವನು ಮೇಜು ಬಡಿದ ರಭಸಕ್ಕೆ ನೀರಿನ ಲೋಟ ಉರುಳಿತು. ಅವಳ ಕಣ್ಣು ತುಂಬಿತು. ಕುಟುಂಬ ಸಲಹಾ ಕೇಂದ್ರಕ್ಕೆ ತರಬೇತಿಗೆ ಸೇರಿದ ಮೊದಲ ವಾರ, ಮೊದಲ ತಂದೆ, ಮೊದಲ ಬೈಗುಳ...

ಅವನು ತಟ್ಟನೆ ಜೇಬಿನಿಂದ ಐಡಿ ಕಾರ್ಡು ತೆಗೆದು ಕೊರಳಿಗೆ ಹಾಕಿಕೊಂಡ.

“ಮುಗೀತು. ಅಳ್ಬೇಡಿ, ನಾನು ಯಾರ ಅಪ್ಪನೂ ಅಲ್ಲ.”

ಅಲ್ಲಿನ ನಿಯಮ ಅದು. ಮನೆಮನೆಗೆ ಹೋಗಿ ಕುಟುಂಬಗಳನ್ನು ವಿಚಾರಿಸಿ ಬರುವುದು ಅವನ ಕೆಲಸ. ಪ್ರತಿ ಬುಧವಾರ ಕಲಿಯುವವರ ಎದುರು ಒಂದೊಂದು ಪಾತ್ರವಾಗಿ ಕೂರುತ್ತಿದ್ದ; ಆ ಅಭ್ಯಾಸವೆಲ್ಲ ವಿಡಿಯೊ ಆಗುತ್ತಿತ್ತು. ಕಾರ್ಡು ಕೊರಳಲ್ಲಿ ಇಲ್ಲದಾಗ ಆಡಿದ್ದು ಪಾತ್ರದ ಮಾತು. ಇದ್ದಾಗ ಆಡಿದ್ದು ಅವನದೇ ಮಾತು.

ಮುಂದಿನ ಬುಧವಾರಗಳಲ್ಲಿ ಅವನು ಕುಡುಕ ಗಂಡನಾದ, ಸೊಸೆಯನ್ನು ಅನುಮಾನಿಸುವ ಮಾವನಾದ, ಮೂರು ವಾರದಿಂದ ನಿದ್ದೆಯಿಲ್ಲದ ಅಣ್ಣನಾದ. ಅವಳಿಗೆ ಎಲ್ಲರ ಮೇಲೂ ಕನಿಕರ ಹುಟ್ಟಿತು. ಆಮೇಲೆ ಕನಿಕರವಲ್ಲದ ಇನ್ನೇನೋ.

ಯಾರ ಮೇಲೆ? ಆ ಅಣ್ಣನ ಮೇಲಾ? ಇವನ ಮೇಲಾ?

ಮನೆಯಲ್ಲಿ ಅಮ್ಮನದು ಬೇರೆ ರಾಗ. ಹೆತ್ತವಳ ಒಂದು ಮಾತೂ ಕಿವಿಗೆ ಹಾಕಿಕೊಳ್ಳದವಳು ಊರವರ ಮಾತು ಕೇಳುವ ಕೆಲಸ ಹಿಡಿದಿದ್ದಾಳೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಕೇಂದ್ರದಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುವ ಮುಖ್ಯಸ್ಥೆ ನಗುತ್ತಿರಲಿಲ್ಲ.

“ನೀನು ಕಾಗದ ನೋಡ್ತೀಯ ಕಣೇ, ಮನುಷ್ಯನ್ನ ನೋಡಲ್ಲ. ಹೀಗಾದ್ರೆ ಜನರ ಮುಂದೆ ಹೇಗೆ ಕೂರಿಸ್ಲಿ ನಿನ್ನ?”

ಐದನೇ ತಿಂಗಳ ಒಂದು ಬುಧವಾರ ಅವನು ಬಂದಾಗ ಅವಳು ತಲೆ ತಗ್ಗಿಸಿ ಫಾರಂನಲ್ಲಿ ದಿನಾಂಕ ಬರೆಯುತ್ತಿದ್ದಳು. ಅವನು ಎದುರಿನ ಕುರ್ಚಿ ಎಳೆದು ಕೂತ.

“ಒಬ್ಬರನ್ನ ತುಂಬಾ ಮೆಚ್ಕೊಂಡಿದೀನಿ. ಅವರೆದುರು ಕೂತ್ರೆ ನನ್ನ ನಿಜವಾದ ಮಾತೂ ನಾಟಕದ ಥರ ಕೇಳ್ಸುತ್ತೆ.”

ಒಳ್ಳೆಯ ಪಾತ್ರ ಎಂದುಕೊಂಡು ಅವಳು ಟಿಪ್ಪಣಿ ಬರೆದಳು. ನಿಯಮದಂತೆ ಓದಿಯೂ ಹೇಳಿದಳು: ಒಮ್ಮುಖ ಪ್ರೀತಿ, ಹಂತಹಂತವಾಗಿ ಮರೆಯಲು ನೆರವು ಬೇಕು.

“ಸರಿ,” ಎಂದು ಅವನು ಎದ್ದು ಹೋದ.

ಸೋಮವಾರ ಗೊತ್ತಾಯಿತು, ಅವನು ಬೇರೆ ಊರಿನ ಕೇಂದ್ರಕ್ಕೆ ವರ್ಗ ಕೇಳಿದ್ದ; ಸಿಕ್ಕಿಯೂ ಬಿಟ್ಟಿತ್ತು. ಶನಿವಾರ ಕೊನೆಯ ದಿನ. ನನ್ನಂಥ ದಡ್ಡಿಯ ಎದುರು ಕೂತು ಸಾಕಾಯಿತೇನೋ... ಎದೆ ಯಾಕೆ ಹೀಗೆ ಖಾಲಿಯಾಯಿತೆಂದು ಅವಳಿಗೆ ತಿಳಿಯಲಿಲ್ಲ. ಬೇರೆಯವರ ಗೊಂದಲ ಬಿಡಿಸಲು ಹೊರಟವಳಿಗೆ ತನ್ನದರ ತುದಿಯೇ ಸಿಗುತ್ತಿಲ್ಲ.

ಶನಿವಾರ ಬೆಳಿಗ್ಗೆ ದೊಡ್ಡಕ್ಕ ಆ ಬುಧವಾರದ ವಿಡಿಯೊ ಕೊಟ್ಟು, ತಪ್ಪುಗಳನ್ನು ನೀನೇ ಹುಡುಕು ಎಂದರು.

ಅವಳು ನೋಡಿದಳು. ಪರದೆಯಲ್ಲಿ ತನ್ನ ನೆತ್ತಿ, ಓಡುವ ಪೆನ್ನು. ಎದುರಿಗೆ ಅವನು. ಮಾತು ಆರಂಭಿಸುವ ಮುನ್ನ ಅವನ ಕೈ ಎದೆಯ ಮೇಲಿದ್ದುದನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಕಾರ್ಡು. ಕೊರಳಲ್ಲೇ ಇತ್ತು.

ಅಭ್ಯಾಸದ ಕೋಣೆಯಲ್ಲಿ ಅವನು ಪಾತ್ರಗಳ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಮಾವನ ಕನ್ನಡಕ, ಕುಡುಕನ ಮಫ್ಲರ್. ಅವಳು ಏದುಸಿರು ಬಿಡುತ್ತ ಒಳಗೆ ಬಂದು, ಬಾಗಿಲ ಹತ್ತಿರದ ಸಲಹೆಗಾರರ ಕುರ್ಚಿ ಬಿಟ್ಟು, ಕಷ್ಟ ಹೇಳಲು ಬಂದವರ ಕುರ್ಚಿಯಲ್ಲಿ ಕೂತಳು.

“ಟಿಪ್ಪಣಿ ಚೆನ್ನಾಗಿತ್ತು,” ಎಂದ ಅವನು, ತಿರುಗದೆ. “ಹಂತಹಂತವಾಗಿ ಮರೀತಿದೀನಿ.”

“ಎಷ್ಟನೇ ಹಂತ?”

“ಚೀಲ ಕಟ್ಟೋದು. ಮೊದಲನೇದು.”

“ಅಲ್ಲೇ ನಿಲ್ಲಿಸಿ... ಕೇಳಿಸ್ಕೊಳ್ಳೋದು ಕಲಿಯೋಕೆ ಬಂದೋಳು ನಾನು. ನನಗೇ ಅಂತ ಒಂದು ಮಾತು ಬಂದಾಗ ಫಾರಂ ತುಂಬ್ತಾ ಕೂತಿದ್ದೆ.”

ಅವನು ತಿರುಗಿದ. ಇದೂ ಅಭ್ಯಾಸವೇ? ಕಣ್ಣು ನೇರ ಅವಳ ಕೊರಳಿಗೆ ಹೋಯಿತು. ಕಾರ್ಡು ಅಲ್ಲಿತ್ತು. ಅವಳ ಉಸಿರಿಗೆ ಏರಿಳಿಯುತ್ತಿತ್ತು.

ಅವನು ಮೆಲ್ಲನೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ.

“ಹೇಳಿ. ಏನು ತೊಂದ್ರೆ?”

“ಯಾವ ಪಾತ್ರ ಬಂದ್ರೂ ಅದರೊಳಗೆ ನಿಮ್ಮನ್ನ ಹುಡುಕ್ತೀನಿ.”

“ಎಷ್ಟು ದಿನದಿಂದ?”

“ಲೋಟ ಉರುಳಿದ ದಿನದಿಂದ.”

ಅವನ ಕೈ ಮಫ್ಲರನ್ನು ಚೀಲದಿಂದ ಹೊರತೆಗೆದು ಮೇಜಿನ ಮೇಲಿಟ್ಟಿತು.

“ಬರ್ಕೊಳ್ಲಾ?”

“ಬೇಡ,” ಎಂದಳು ಅವಳು. “ನನ್ನ ಕಡೆ ನೋಡಿ, ಸಾಕು.”