ಬಿಳಿ ಐದು

"ನಿಮಗೆ ನಾಲ್ಕು ಸಾಕಲ್ವಾ?"

ಪರಿಚಯವೂ ಆಗುವ ಮೊದಲೇ, ಹಾರ್ಮೋನಿಯಂ ಮುಂದೆ ಕುಳಿತಿದ್ದ ಆ ಮನುಷ್ಯ ಹಾಗೆ ಕೇಳಿಬಿಟ್ಟಿದ್ದ. ಆಶಾಲತಾಳ ಮೂಗಿನ ತುದಿ ಕೆಂಪಾಯಿತು.

"ನನ್ನ ಶ್ರುತಿ ಬಿಳಿ ಐದು. ಸಣ್ಣದಿರುವಾಗಿಂದ ಐದೇ."

"ಆಯ್ತು, ಐದೇ ಕೊಡುವ," ಎಂದು ಅವನು ಹಾರ್ಮೋನಿಯಂನಲ್ಲಿ ನಾಲ್ಕಕ್ಕಿಂತ ಒಂದು ಮೆಟ್ಟಿಲು ಎತ್ತರದ ಐದನೆಯ ಬಿಳಿ ಕೀ ಒತ್ತಿದ. ಬೆರಳುಗಳ ತುಂಬ ಸುಟ್ಟ ಕಲೆಗಳು.

'ನನ್ನ ಗಂಟಲಿನ ವಿಷಯ ಇವನಿಗೇನು ಗೊತ್ತು...' ಹಟಕ್ಕೆ ಬಿದ್ದು ಹಾಡಿದಳು. ಕಣ್ಣು ತೆರೆದಾಗ ಅವನು ಅವಳನ್ನೇ ನೋಡುತ್ತಿದ್ದ. ಸಿಟ್ಟು ಅಲ್ಲಿಗೇ ಅರ್ಧ ಇಳಿದಿತ್ತು, ಆದರೆ ಒಪ್ಪಿಕೊಳ್ಳುವ ಹುಡುಗಿಯಲ್ಲ ಅವಳು.

ಅದು 1978. ಬಹರೈನಿನ ಗುದೈಬಿಯಾದಲ್ಲಿ ಒಂದು ಹಳೆಯ ಕಟ್ಟಡದ ಟೆರೇಸು. ಪ್ರತಿ ಶುಕ್ರವಾರ ಊರಿನವರ ಸಂಘದವರೆಲ್ಲ ಸೇರಿ ಸಂಗೀತ ನಾಟಕದ ತಾಲೀಮು ನಡೆಸುತ್ತಿದ್ದರು. ಹೋಟೆಲಿನಲ್ಲಿ ಅಡುಗೆ ಮಾಡುವ ಲೋಕಯ್ಯ ರಾಜ, ಆರೇಳು ವರ್ಷದ ಮಕ್ಕಳು ಸೈನಿಕರು, ಐವತ್ತು ದಾಟಿದ ಚಂದ್ರಾವತಿಯಕ್ಕ ರಾಜಮಾತೆ. ನರ್ಸ್ ಆಶಾಲತಾ ರಾಣಿ. ಹಾರ್ಮೋನಿಯಂಗೆ ಮೀನಾ ಸಲ್ಮಾನ್ ಬಂದರಿನ ವೆಲ್ಡರ್ ಸುಂದರ.

ನಾಲ್ಕು ತಿಂಗಳಲ್ಲಿ ಅವಳು ಎಲ್ಲಿ ಉಸಿರು ತೆಗೆಯುತ್ತಾಳೆಂದು ಅವನಿಗೆ ಗೊತ್ತಾಗಿತ್ತು. ಅಲ್ಲಿ ಅವನ ಬೆರಳೂ ಅರೆಗಳಿಗೆ ನಿಲ್ಲುತ್ತಿತ್ತು. ತಾಲೀಮು ಮುಗಿದ ಮೇಲೆ ನರ್ಸ್‌ಗಳ ಹಾಸ್ಟೆಲಿನ ಗೇಟಿನ ತನಕ ಚಂದ್ರಾವತಿಯಕ್ಕನ ಜೊತೆ ಅವನೂ ನಡೆದು ಬರುತ್ತಿದ್ದ. ಅಕ್ಕ ಬೇಕೆಂದೇ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದರು.

ಒಂದು ದಿನ ಗೇಟಿನ ಹತ್ತಿರ ಅವನು ತಡೆದು ನಿಂತ.

"ನಾಟಕ ಒಂದು ಮುಗೀಲಿ. ನಿಮ್ಮತ್ರ ಒಂದು ಮಾತು ಹೇಳ್ಲಿಕ್ಕುಂಟು."

ಆ ಮಾತು ಏನೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು... ಉತ್ತರವೂ ತಯಾರಿತ್ತು.

ನಾಟಕದ ದಿನ ಬಂತು. ಮುನ್ನೂರು ಜನ. ರಾಣಿ ರಂಗಕ್ಕೆ ಬಂದಳು, ಹಾರ್ಮೋನಿಯಂ ಶ್ರುತಿ ಹಿಡಿಯಿತು. ಅದು ಬಿಳಿ ನಾಲ್ಕು!

ಬೇರೆ ದಾರಿಯಿಲ್ಲದೆ ಹಾಡಿದಳು. ಚಪ್ಪಾಳೆಯೂ ಬಿತ್ತು. ಅವಳ ಕಿವಿಗೆ ಅದು ಬೀಳಲಿಲ್ಲ. 'ನನ್ನಿಂದ ಆಗುವುದಿಲ್ಲವೆಂದು ಅವನೇ ತೀರ್ಮಾನಿಸಿಬಿಟ್ಟನಲ್ಲ...'

ಪರದೆ ಬಿದ್ದದ್ದೇ ತಡ, ಬಣ್ಣ ಕೂಡ ತೆಗೆಯದೆ ಅವನ ಮುಂದೆ ಬಂದು ನಿಂತಳು. ಸುತ್ತ ಹತ್ತು ಜನ.

"ಆಶಾ, ಅದು ಎಂತಾಯ್ತಂದ್ರೆ..."

"ಬೇಡ. ವೆಲ್ಡಿಂಗ್ ಮಾಡುವ ಕೈಗೆ ಸಂಗೀತ ಕೊಟ್ರೆ ಹೀಗೇ ಆಗೂದು."

ಅವನು ತನ್ನ ಕೈಗಳನ್ನೊಮ್ಮೆ ನೋಡಿಕೊಂಡ. ತನ್ನ ಹಾರ್ಮೋನಿಯಂ ಮುಚ್ಚಿದ. ಅದನ್ನು ಸಂಘಕ್ಕೇ ಬಿಟ್ಟು ಹೊರಟುಹೋದ. ಮತ್ತೆ ಯಾವ ತಾಲೀಮಿಗೂ ಬರಲಿಲ್ಲ.

ಏಳು ವರ್ಷ! ಊರಿನಿಂದ ಬಂದ ಸಂಬಂಧಗಳಿಗೆಲ್ಲ ಆಶಾಲತಾ ಒಂದೊಂದು ಕೊರತೆ ಹುಡುಕಿದಳು. ಒಮ್ಮೆ ಮನಾಮಾದ ಪೇಟೆಯಲ್ಲಿ ಅವನು ಎದುರಾದ. ಇಬ್ಬರೂ ಬೇರೆ ಬೇರೆ ಅಂಗಡಿಗೆ ನುಗ್ಗಿದರು. 'ಅವನೇ ಬಂದು ಮಾತಾಡಲಿ' ಎಂದು ಕಾದಳು. ಯಾವ ಮುಖ ಇಟ್ಟುಕೊಂಡು ಕಾದಳೋ, ಅವಳಿಗೇ ಗೊತ್ತು.

1985ರಲ್ಲಿ ಸಂಘ ಮತ್ತೆ ಸಂಗೀತ ನಾಟಕಕ್ಕೆ ಕೈಹಾಕಿತು. ಮಕ್ಕಳಿಗೆ ಹಾಡು ಕಲಿಸುವ ಕೆಲಸ ಆಶಾಲತಾಳದ್ದು. ಕಪಾಟಿನಿಂದ ಆ ಹಳೆಯ ಹಾರ್ಮೋನಿಯಂ ಇಳಿಸಿ, ಧೂಳು ಒರೆಸಿ, ಐದನೆಯ ಬಿಳಿ ಕೀ ಒತ್ತಿದಳು.

ಸದ್ದಿಲ್ಲ.

ಮತ್ತೆ ಒತ್ತಿದಳು. ಗಾಳಿ ಮಾತ್ರ ಹೋಯಿತು.

"ಅಕ್ಕಾ, ಇದು ಯಾವಾಗ ಹಾಳಾದದ್ದು?"

ಚಂದ್ರಾವತಿಯಕ್ಕ ತಲೆ ಎತ್ತಿದರು. "ಆ ಐದಾ? ಅದು ಅವತ್ತೇ ಹೋಗಿತ್ತಲ್ಲ ಮಾರಾಯ್ತಿ. ನೀನು ಬಣ್ಣ ಹಚ್ಚುವಾಗ. ಉಪ್ಪುಗಾಳಿಗೆ ಒಳಗೆ ಸ್ವರ ಬರುವ ರೀಡು ತುಂಡಾಯ್ತು. 'ಆಶಾಗೆ ಹೇಳ್ಬೇಡಿ, ಹೆದರ್ತಾರೆ' ಅಂದ ಸುಂದರ."

"ನೀವು ನನಗೆ ಹೇಳ್ಲೇ ಇಲ್ಲ..."

"ಆಮೇಲೆ ಅವನೇ ಹೇಳಿರ್ತಾನೆ ಅಂತ ಎಣಿಸಿದೆ. ನಾನು ನಾಟಕ ಮುಗಿದದ್ದೇ ಮನೆಗೆ ಓಡಿ, ಮರುದಿನವೇ ಊರಿಗೆ ಹೋದವಳು. ಬರುವಾಗ ನಿಮ್ಮೊಳಗೆ ಮಾತೇ ಇರ್ಲಿಲ್ಲ. ಬೇರೆ ಏನೋ ಆಗಿರ್ಬೇಕು ಅಂತ ಕೇಳ್ಲಿಕ್ಕೆ ಹೋಗ್ಲಿಲ್ಲ."

ಆಶಾಲತಾ ಸದ್ದಿಲ್ಲದ ಆ ಕೀಯನ್ನು ಇನ್ನೊಮ್ಮೆ ಒತ್ತಿದಳು. ರೀಡು ತುಂಡಾದದ್ದು ಹಾಗಿರಲಿ... ಅದು ಸರಿಯಾಗಿದ್ದಿದ್ದರೂ ಆ ಮಾತು ಆಡಬಾರದಿತ್ತು. ಅದನ್ನು ಈಗ ನುಂಗಲಿಕ್ಕೂ ಆಗಲಿಲ್ಲ, ಉಗುಳಲಿಕ್ಕೂ ಆಗಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಟ್ಯಾಕ್ಸಿ ಹಿಡಿದು ಮೀನಾ ಸಲ್ಮಾನ್‌ಗೆ ಹೋದಳು. ವರ್ಕ್‌ಶಾಪಿನ ಬಾಗಿಲಲ್ಲಿ ಸುಂದರ ನಿಂತಿದ್ದ. ಕಿವಿಯ ಹತ್ತಿರ ಕೂದಲು ನರೆತಿತ್ತು. ಅವಳನ್ನು ಕಂಡು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಅದನ್ನು ನೋಡಿದ್ದೇ ಅವಳ ಕಣ್ಣು ತುಂಬಿತು.

"ರೀಡು ಹೋಗಿತ್ತು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ."

"ರೀಡಿನ ವಿಷಯಕ್ಕೆ ಹೇಳ್ಬಹುದಿತ್ತು. ನೀವು ಹೇಳಿದ್ದು ನನ್ನ ಕೈಯ ವಿಷಯ. ಅದಕ್ಕೆ ಎಂತ ಹೇಳೂದು?"

"ತಪ್ಪಾಯ್ತು ಸುಂದರ. ಏಳು ವರ್ಷ ಆದ್ಮೇಲೆ ಹೇಳ್ತಿದ್ದೇನೆ..."

ಅವನು ಒಳಗೆ ಹೋದ. 'ಮುಗಿಯಿತು,' ಅಂದುಕೊಂಡಳು. ಆದರೆ ಅವನು ತಿರುಗಿ ಬಂದ. ಅಂಗೈಯಲ್ಲಿ ಹಳದಿಯಾದ ಕಾಗದದ ಪೊಟ್ಟಣ, ಅದರೊಳಗೊಂದು ಹಿತ್ತಾಳೆಯ ರೀಡು.

"ಮರುವರ್ಷ ರಜೆಗೆ ಹೋದಾಗ ಬೊಂಬಾಯಿಂದ ತಂದದ್ದು. ಹಾಕ್ಲಿಕ್ಕೆ ಅಲ್ಲಿಗೆ ಬರುವ ಧೈರ್ಯ ಆಗ್ಲಿಲ್ಲ."

ಅವಳು ಪೊಟ್ಟಣದ ಸಮೇತ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ನಾಟಕ ಮುಗಿದ ಮೇಲೆ ಒಂದು ಮಾತು ಉಂಟು ಅಂದಿದ್ರಿ..."

"ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಶ್ರುತಿ ಹಿಡೀಲಿಕ್ಕೆ ಮನಸ್ಸಿಲ್ಲ ಅಂತ. ಈಗ್ಲೂ ಇಲ್ಲ."

ಅವಳು ಅತ್ತಳು. ಇಪ್ಪತ್ತೇಳಕ್ಕೆ ಕೇಳಬೇಕಾದದ್ದನ್ನು ಮೂವತ್ನಾಲ್ಕಕ್ಕೆ ಕೇಳಿದರೆ ಅಳು ಬಾರದಿರುತ್ತದೆಯೇ?

"ಶುಕ್ರವಾರ ಬಂದು ಇದನ್ನು ಹಾಕಿ ಕೊಡ್ತೀರಾ? ಮಕ್ಕಳಿಗೆ ಐದು ಬೇಕು."

"ನಿಮಗೆ?"

"ನನ್ನ ಗಂಟಲು ಈಗ ಅಲ್ಲಿಗೆ ಏರೂದಿಲ್ಲ." ಅವಳು ಕಣ್ಣೊರೆಸಿಕೊಂಡಳು. "ನೀವು ಹಿಡಿಯೂದಾದ್ರೆ... ನನಗೆ ನಾಲ್ಕು ಸಾಕು."