ಮಾತು ಬಿಟ್ಟವರ ಕಾರು

"ಅವನಿಗೆ ಹೇಳು, ಬೆಳಿಗ್ಗೆ ಬೇಗ ಹೊರಡಬೇಕು ಅಂತ. ಯಾರೂ ಕಾಯ್ತಾ ಕೂರಲ್ಲ."

ಅಣ್ಣ ಈ ಮಾತು ಹೇಳಿದ್ದು ಹೆಂಡತಿಗೆ. 'ಅವನು' ಅಂದರೆ ಒಡಹುಟ್ಟಿದ ತಮ್ಮ. ಆ ತಮ್ಮ ಕೂತಿದ್ದು ಬೇರೆಲ್ಲೋ ಅಲ್ಲ, ಅದೇ ಊಟದ ಮೇಜಿನ ಎದುರು ಕುರ್ಚಿಯಲ್ಲಿ. ಕೈ ಚಾಚಿದರೆ ಅವನ ತಟ್ಟೆ ಸಿಗುವಷ್ಟು ಹತ್ತಿರ.

"ಅತ್ತಿಗೆ, ನಾನು ಯಾವತ್ತೂ ತಡ ಮಾಡಿದವನಲ್ಲ ಅಂತ ಹೇಳಿ. ಟ್ರ್ಯಾಕ್ ಮೇಲೆ ತಡ ಯಾರು ಅಂತ ಎಲ್ಲರಿಗೂ ಗೊತ್ತಿದೆ ಅಂತಾನೂ ಸೇರಿಸಿ."

ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. "ನನ್ನ ಕೈಲಾಗಲ್ಲ. ಇಬ್ಬರಿಗೂ ಕಿವಿ ಇದೆ, ಬಾಯಿ ಇದೆ. ಇವರು ಹೇಳಿದ್ದು ಇವನಿಗೆ, ಇವನು ಹೇಳಿದ್ದು ಇವರಿಗೆ... ನಾನೇನು ಈ ಮನೆಗೆ ಸೊಸೆಯಾಗಿ ಬಂದವಳೋ, ಟಪಾಲು ಹಂಚೋಕೆ ಬಂದವಳೋ? ಹಾಗಿದ್ರೆ ಒಂದು ಸೈಕಲ್ಲಾದ್ರೂ ಕೊಡಿಸಿ."

ಯಾರೂ ನಗಲಿಲ್ಲ. ಮೊದಲಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದ. ತಮ್ಮ ಉಪ್ಪಿನ ಡಬ್ಬಿಯನ್ನು ಸುಮ್ಮನೆ ತಿರುಗಿಸುತ್ತ ಕೂತ.

ಇಬ್ಬರೂ ರೇಸು ಓಡಿಸುವವರು. ಒಂದು ಸುತ್ತು ಜೋರಾಗಿ ಓಡಿಸಿ ಕೈ ಬೀಸಿ ಬರುವ ರೇಸಲ್ಲ. ಬೆಳಿಗ್ಗೆ ಶುರುವಾದರೆ ಸಂಜೆ ತನಕ ನಿಲ್ಲದ ರೇಸು. ಕಾರು ಒಂದೇ, ಚಾಲಕರು ಇಬ್ಬರು. ಒಬ್ಬ ಬೆವರಿ ಬಸಿದು ಇಳಿದರೆ ಇನ್ನೊಬ್ಬ ಅದೇ ಒದ್ದೆ ಸೀಟಿಗೆ ಹತ್ತಬೇಕು. ಅಣ್ಣನನ್ನು ಟ್ರ್ಯಾಕಿನವರು ಗಡಿಯಾರ ಅಂತ ಕರೆಯುತ್ತಿದ್ದರು, ಅವನ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ತಮ್ಮ ಪಟಾಕಿ. ಅಪ್ಪ ಅಮ್ಮ ಹೋದ ಮೇಲೆ ಈ ಪಟಾಕಿಯನ್ನು ಎದೆಗೆ ಹಾಕಿಕೊಂಡು ಸಾಕಿದವನು ಅಣ್ಣ. ಮಡಿಲಲ್ಲಿ ಕೂರಿಸಿಕೊಂಡು ಸ್ಟೀರಿಂಗು ಹಿಡಿಸಿದವನೂ ಅವನೇ.

ಉಳಿದದ್ದೆಲ್ಲ ಮಾವನದು. ಅಣ್ಣನಿಗೆ ಹೆಣ್ಣು ಕೊಟ್ಟ ಮಾವ. ಅವರಿದ್ದ ಮಹಡಿ ಮನೆ ಮಾವನದು, ಕೆಳಗಿನ ಗ್ಯಾರೇಜು ಮಾವನದು, ಕಾರು ಮಾವನದು, ಬೆಂಕಿ ತಾಗದ ಆ ದಪ್ಪ ಅಂಗಿಯ ಬೆನ್ನ ಮೇಲಿನ ಹೆಸರೂ ಮಾವನದೇ. ಜನರೆದುರು "ಅಳಿಯಂದ್ರೇ, ಬನ್ನಿ" ಎನ್ನುವ ಈ ದೊಡ್ಡ ಮನುಷ್ಯ ಶಟರ್ ಎಳೆದ ಮೇಲೆ "ಏನೋ" ಎನ್ನುತ್ತಿದ್ದ. ಇಂಥವರು ಕಾರಿನ ಹತ್ತಿರ ಬರುವುದು ಫೋಟೊ ತೆಗೆಯುವಾಗ ಮಾತ್ರ. ಆದರೆ ಕಾರು ಯಾರು ಓಡಿಸಬೇಕು, ಯಾರು ಮನೆಗೆ ಹೋಗಬೇಕು ಅಂತ ಹೇಳುವವರು ಇಂಥವರೇ... ಥೂ!

ಸೀಸನ್ನಿನ ಶುರುವಿನಲ್ಲಿ ಎಲ್ಲ ಮೆಕ್ಯಾನಿಕ್ಕುಗಳ ಎದುರು ಮಾವ ಹಲ್ಲು ಕಿರಿದು ಹೇಳಿದ್ದ: "ಬರೋ ವರ್ಷ ಈ ಮನೆಯಿಂದ ಒಬ್ಬನೇ ಸಾಕು. ಯಾರು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ."

ಬೆಂಕಿ ಹಚ್ಚಿ ಅವನು ಕಾಫಿ ಕುಡಿಯಲು ಹೋದ. ತಮ್ಮನ ಬಾಯಿ ಸುಮ್ಮನಿರಬೇಕಲ್ಲ. "ನಿನಗೇನಣ್ಣ ಚಿಂತೆ? ನಾನು ಓಡಿಸಿ ಸೀಟು ತಗೊಂಡವನು. ನೀನು ಮದುವೆ ಮಾಡ್ಕೊಂಡು ಸೀಟು ಗಿಟ್ಟಿಸಿದವನು."

ಅಣ್ಣ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಕೈಲಿದ್ದ ಬಟ್ಟೆ ಕೆಳಗಿಟ್ಟು, "ಇವತ್ತಿನಿಂದ ನಿನಗೂ ನನಗೂ ಮಾತಿಲ್ಲ" ಎಂದ. ಅಷ್ಟೇ. ಗಡಿಯಾರದ ಮಾತು, ಒಂದು ಕ್ಷಣ ಹಿಂದೆ ಮುಂದೆ ಆಗಲಿಲ್ಲ. ಸೀಸನ್ ಮುಗಿಯುವ ತನಕ ಹಾಗೇ ನಡೆಯಿತು.

ಮನೆಯಲ್ಲಿ ಮಾತು ಬಿಟ್ಟರೆ ಸಾರು ತಣ್ಣಗಾಗುತ್ತದೆ, ಅಷ್ಟೇ ನಷ್ಟ. ಕಾರಿನಲ್ಲಿ ಹಾಗಲ್ಲ. ಚಾಲಕ ಬದಲಾಗುವಾಗ ಇಳಿದವನೇ ಹತ್ತುವವನ ಬೆಲ್ಟು ಬಿಗಿಯಬೇಕು. ಬಿಗಿಯುತ್ತಲೇ ಹೆಲ್ಮೆಟ್ಟಿಗೆ ಬಾಯಿ ಹಚ್ಚಿ ಕಾರಿನ ಸುಖದುಃಖ ಹೇಳಬೇಕು: ಯಾವ ಟೈರು ಜಾರುತ್ತಿದೆ, ಎಲ್ಲಿ ಎಣ್ಣೆ ಚೆಲ್ಲಿದೆ. ಈ ಕೆಲಸದಲ್ಲಿ ಅಣ್ಣತಮ್ಮಂದಿರನ್ನು ನೋಡಲು ಪಕ್ಕದ ತಂಡದವರೂ ಬಂದು ನಿಲ್ಲುತ್ತಿದ್ದ ಕಾಲವೊಂದಿತ್ತು. ಮಾತು ಬಿಟ್ಟ ಮೇಲೆ ಅಣ್ಣ ತನ್ನ ಸರದಿಯ ಕೊನೆಯ ಸುತ್ತಿನಲ್ಲೇ ರೇಡಿಯೊದಲ್ಲಿ ಹೆಡ್ ಮೆಕ್ಯಾನಿಕ್ ಗ್ರೀಸಣ್ಣನಿಗೆ "ಅವನಿಗೆ ಹೇಳು" ಎನ್ನುವುದು, ತಮ್ಮ ಹತ್ತಿದ ಮೇಲೆ ಗ್ರೀಸಣ್ಣ ಅದನ್ನು ಅವನ ಕಿವಿಗೆ ಹಾಕುವುದು. ಮನೆಯಲ್ಲಿ ಅತ್ತಿಗೆಯ ಕೆಲಸ, ಇಲ್ಲಿ ಗ್ರೀಸಣ್ಣನದು.

ಅದು ವರ್ಷದ ಕೊನೆಯ ರೇಸು. ಹೊರಡುವ ಮುಂಚೆ ಹೆಂಡತಿ ಮೆಟ್ಟಿಲ ಮೇಲೆ ಅಡ್ಡ ನಿಂತಳು.

"ರೀ, ಮನೇಲಿ ಬೇಡ. ಕಾರಿನ ಹತ್ತಿರವಾದ್ರೂ ಅವನ ಜೊತೆ ಮಾತಾಡಿ. ನನಗ್ಯಾಕೋ ಹೆದರಿಕೆ ಆಗುತ್ತೆ."

"ಮೊದಲು ಅವನು ಬಂದು ತಪ್ಪಾಯ್ತು ಅನ್ನಲಿ."

"ಅವನು ಚಿಕ್ಕವನು..."

"ಗಡ್ಡ ಬಂದಿದೆ."

ಮಧ್ಯಾಹ್ನದ ಹೊತ್ತಿಗೆ ಕಾರು ಮೂರನೇ ಸ್ಥಾನದಲ್ಲಿತ್ತು. ಮಾವನಿಗೆ ಬಹುಮಾನದ ಕಪ್ಪಿನ ಆಸೆ ಹತ್ತಿತು. ಗ್ರೀಸಣ್ಣನ ತಲೆಯಿಂದ ರೇಡಿಯೊ ಕಿತ್ತು ತಾನೇ ಹಾಕಿಕೊಂಡು, "ನೀನು ಹೋಗಿ ಟೈರ್ ನೋಡು" ಎಂದು ಓಡಿಸಿದ.

ಒಳಗೆ ಕೂತ ಅಣ್ಣನಿಗೆ ಅಂಗಾಲಿನಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಉಳಿದ ತಿರುವುಗಳಲ್ಲಿ ಬ್ರೇಕು ಚೆನ್ನಾಗೇ ಇತ್ತು. ಉದ್ದನೆಯ ನೇರ ರಸ್ತೆ ಮುಗಿಯುವಲ್ಲಿ ಮಾತ್ರ ಪೆಡಲು ಮೆತ್ತಗೆ ನೆಲದ ಕಡೆ ಇಳಿಯುತ್ತಿತ್ತು. ಆ ವೇಗದಲ್ಲಿ ಚಕ್ರ ನಡುಗಿ ನಡುಗಿ, ಅದನ್ನು ಕಚ್ಚಿ ಹಿಡಿಯಬೇಕಾದ ಬ್ರೇಕಿನ ಪ್ಯಾಡುಗಳು ಹಿಂದಕ್ಕೆ ಸರಿಯುತ್ತಿದ್ದವು. ಅವನು ಹೇಗೋ ಸಂಭಾಳಿಸಿದ. ಚಾಲಕ ಬದಲಾಗುವ ಪಿಟ್ಟಿಗೆ ಬರುವ ಸುತ್ತಿನಲ್ಲಿ ರೇಡಿಯೊ ಒತ್ತಿದ.

"ಬ್ರೇಕ್ ಪೆಡಲ್ ಕೆಳಗೆ ಹೋಗ್ತಿದೆ. ನೇರ ರಸ್ತೆಯ ಕೊನೇಲಿ. ಪ್ಯಾಡ್ ಬದಲಾಯಿಸ್ಬೇಕು."

"ಪ್ಯಾಡ್ ಬದಲಾಯಿಸಿದ್ರೆ ಮೂರನೇ ಸ್ಥಾನ ಹೋಗುತ್ತೆ." ಮಾವನ ದನಿ.

ಗ್ರೀಸಣ್ಣ ಅಲ್ಲ ಅಂತ ಅಣ್ಣನಿಗೆ ಆಗ ತಿಳಿಯಿತು. "ಹಾಗಿದ್ರೆ ಅವನಿಗಾದ್ರೂ ಹೇಳಿ, ಮಾವ."

"ಹೇಳ್ತೀನಿ, ಹೇಳ್ತೀನಿ. ನೀನು ಬೇಗ ಬಾ."

ಕಾರು ನಿಂತಿತು. ಅಣ್ಣ ಇಳಿದ, ತಮ್ಮ ತೂರಿದ. ಪೆಟ್ರೋಲಿನ ನಾತ, ಚಕ್ರ ಬಿಚ್ಚುವ ಗನ್ನಿನ ಕಿರುಚಾಟ. ಅಣ್ಣ ಬಗ್ಗಿ ಬೆಲ್ಟಿನ ಪಟ್ಟಿಗಳನ್ನು ಒಂದೊಂದಾಗಿ ಸಿಕ್ಕಿಸಿ ಎಳೆದ. ಇಬ್ಬರ ಮುಖಗಳ ನಡುವೆ ಒಂದು ಗೇಣು ಅಂತರ. ಹೆಲ್ಮೆಟ್ಟಿನ ಕಿಂಡಿಯಲ್ಲಿ ತಮ್ಮನ ಕಣ್ಣು ಕಾಣುತ್ತಿತ್ತು... ಕೇಳುವ ಕಣ್ಣು. ಹೇಳೋದಿದ್ರೆ ಹೇಳು ಅನ್ನುವ ಕಣ್ಣು.

ಅಣ್ಣನ ಬಾಯಿ ತೆರೆಯಿತು. ಆಗಲೇ, ಎಲ್ಲಿತ್ತೋ ಏನೋ, 'ಮದುವೆ ಮಾಡ್ಕೊಂಡು ಸೀಟು ಗಿಟ್ಟಿಸಿದವನು' ಅನ್ನುವ ಮಾತು ಎದ್ದು ಬಂದು ನಡುವೆ ಕೂತಿತು. ಹೇಗಿದ್ದರೂ ಮಾವ ಹೇಳುತ್ತಾರಲ್ಲ. ಅವನು ಕೊನೆಯ ಪಟ್ಟಿ ಎಳೆದು ಮುಖ ತಿರುಗಿಸಿದ.

ಮಾವ ಹೇಳಲಿಲ್ಲ. ಹೇಳಿದರೆ ಹುಡುಗ ಹೆದರಿ ನಿಧಾನ ಮಾಡುತ್ತಾನೆ ಅಂತ ಲೆಕ್ಕ ಹಾಕಿದ್ದ.

ನೇರ ರಸ್ತೆಯ ಕೊನೆಯಲ್ಲಿ ಆ ಕಾರು ತಿರುಗಲೇ ಇಲ್ಲ. ಪಿಟ್ಟಿನ ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದ ಅಣ್ಣನಿಗೆ ಸದ್ದು ಕೇಳಿಸಿತು. ಯಾರೂ ಹೇಳುವ ಮೊದಲೇ ಅವನು ಓಡುತ್ತಿದ್ದ.

ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಬ್ರೇಕಿನ ಮೇಲಿದ್ದ ಕಾಲನ್ನು ಉಳಿಸಲು ಆಗಲಿಲ್ಲ. ಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಅಣ್ಣ ಅದನ್ನೊಮ್ಮೆ ನೋಡಿದ, ಆಮೇಲೆ ಬಾಗಿಲಿನ ಹೊರಗಿನ ಬೆಂಚಿನಿಂದ ಏಳಲಿಲ್ಲ. ಅಂಗಿ ಕೂಡ ಬದಲಾಯಿಸಿರಲಿಲ್ಲ, ಮಾವನ ಹೆಸರನ್ನು ಬೆನ್ನ ಮೇಲೆ ಹೊತ್ತು ಕೂತಿದ್ದ.

ಮಾವ ಹಣ್ಣಿನ ಚೀಲ ಹಿಡಿದು ಬಂದ. ಬೆಂಚಿನ ಮೇಲೆ ಒತ್ತಿ ಕೂತು ದನಿ ತಗ್ಗಿಸಿದ.

"ನೋಡಪ್ಪಾ, ಆಗಿದ್ದು ಆಯ್ತು. ರೇಸಿನ ಅಧಿಕಾರಿಗಳು ನಿನ್ನನ್ನ ಕೇಳ್ತಾರೆ. ಹುಡುಗ ಬ್ರೇಕ್ ಒತ್ತೋದು ತಡ ಮಾಡಿದ ಅನ್ನು. ಹೇಗೂ ಎಲ್ಲರಿಗೂ ಅವನ ಸ್ವಭಾವ ಗೊತ್ತು, ನಂಬ್ತಾರೆ. ಬರೋ ವರ್ಷದ ಸೀಟು ನಿಂದೇ. ಮನೆ ಇದೆ, ಹೆಂಡತಿ ಇದಾಳೆ. ಅವನ ಆಸ್ಪತ್ರೆ ಖರ್ಚೂ ನಾನು ನೋಡ್ಕೋತೀನಿ."

"ನೀವು ಅವನಿಗೆ ಹೇಳಿದ್ರಾ, ಮಾವ?"

"ಏನನ್ನ?"

"ಬ್ರೇಕಿನ ವಿಷಯ."

ಮಾವ ಕನ್ನಡಕ ತೆಗೆದು ಒರೆಸಿದ. "ನೀನು ಹೇಳಿದ್ಯಾ?"

ಆ ಮಾತಿಗೆ ಅಣ್ಣ ಎಲ್ಲಿಗೆ ಹೋಗಬೇಕು? ಉತ್ತರ ಕೊಟ್ಟಿದ್ದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ.

"ಅಪ್ಪಾ, ಆ ಹಣ್ಣು ತಗೊಂಡು ಎದ್ದು ಹೋಗು."

"ನಿನ್ನ ಗಂಡನ ಅನ್ನದ ಮಾತಾಡ್ತಿದೀನಮ್ಮ."

"ಅವರು ಯಾವ ಅನ್ನ ತಿನ್ಬೇಕು ಅಂತ ಅವರು ಹೇಳ್ತಾರೆ. ನಾನು ಯಾವ ಮನೇಲಿ ಇರಬೇಕು ಅಂತ ನಾನು ಹೇಳ್ತೀನಿ. ನಿನ್ನ ಮಹಡಿ ಬೀಗದ ಕೈ ಗ್ರೀಸಣ್ಣನ ಕೈಲಿ ಕಳಿಸ್ತೀನಿ." ಚೀಲವನ್ನು ತಾನೇ ಎತ್ತಿ ಅಪ್ಪನ ಕೈಗಿಟ್ಟಳು. ಅವಳಿಗೂ ಹುಟ್ಟಿನಿಂದ ಇದ್ದವನು ಒಬ್ಬನೇ ಅಪ್ಪ...

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಜಗ್ಗು, ಕೋಟು ಹಾಕಿದ ಮೂವರು. ಮಾವ ಮೂಲೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ರೇಡಿಯೊದ ಮಾತು ಎಲ್ಲೂ ದಾಖಲಾಗಿರಲಿಲ್ಲ. ಅಣ್ಣ ಬಾಯಿ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

"ಕಾರಲ್ಲಿ ತೊಂದರೆ ಇತ್ತು. ನಾನು ರೇಡಿಯೊದಲ್ಲಿ ಮಾಲೀಕರಿಗೆ ಹೇಳಿದೆ. ಅವರು ಅವನಿಗೆ ಹೇಳಲಿಲ್ಲ," ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ರೇಸಿನ ಲೈಸೆನ್ಸು ಉಳಿಯುತ್ತಿತ್ತು. ಅವನು ನಿಲ್ಲಿಸಲಿಲ್ಲ. "ಬೆಲ್ಟು ಬಿಗಿದವನು ನಾನು. ಅವನ ಮುಖ ನನ್ನ ಮುಖದ ಹತ್ತಿರ ಇತ್ತು. ನಾನೂ ಹೇಳಲಿಲ್ಲ."

"ಯಾಕೆ?" ಎಂದ ಕೋಟಿನವನೊಬ್ಬ.

"ನಾವಿಬ್ಬರು ಮಾತು ಬಿಟ್ಟಿದ್ವಿ, ಸಾರ್."

ಬರೆಯುತ್ತಿದ್ದವನ ಪೆನ್ನು ನಿಂತಿತು. ಬದುಕೆಲ್ಲ ರೇಸಿನಲ್ಲಿ ಕಳೆದ ಆ ಮುದುಕರಿಗೆ ಇಂಥ ಕಾರಣವನ್ನು ಯಾವ ಸಾಲಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಮಾವನ ತಂಡವನ್ನು ಹೊರಹಾಕಿದರು. ಅಣ್ಣನ ರೇಸಿನ ಲೈಸೆನ್ಸನ್ನೂ ಕಿತ್ತುಕೊಂಡರು. ಮಾವ ಮರುವರ್ಷವೇ ಬೇರೆಯವರ ಹೆಸರಲ್ಲಿ ಕಾರು ಇಳಿಸಿದ, ಅಂಥವರಿಗೆ ಇಂಥದ್ದೆಲ್ಲ ನೆಗಡಿ ಇದ್ದ ಹಾಗೆ. ಗಡಿಯಾರಕ್ಕೆ ಮಾತ್ರ ಮತ್ತೆ ಯಾರೂ ಕಾರು ಕೊಡಲಿಲ್ಲ. ಅವನೀಗ ಬ್ರೆಡ್ಡು ಕಂಪನಿಯ ವ್ಯಾನು ಓಡಿಸುತ್ತಾನೆ. ಅಂಗಡಿಯವರು ಅವನು ನಿಧಾನ ಅಂತ ಬೈಯುತ್ತಾರೆ.

ಬಾಡಿಗೆಗೆ ಹಿಡಿದದ್ದು ಎರಡು ಕೋಣೆ. ಮುಂದಿನ ಕೋಣೆಯಲ್ಲಿ ತಮ್ಮನ ಮಂಚ. ಅಣ್ಣ ದಿನಾ ವ್ಯಾನು ನಿಲ್ಲಿಸಿ ಬಂದು, ಕೈ ತೊಳೆದು, ಆ ಮೊಂಡುಗಾಲಿಗೆ ಎಣ್ಣೆ ತಿಕ್ಕುತ್ತಿದ್ದ. ತಮ್ಮ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ, ಗೋಡೆ ನೋಡುತ್ತಿದ್ದ. ಅವನು ಕ್ಷಮಿಸುತ್ತಾನೆ ಅಂತ ಅಣ್ಣ ಕಾಯಲಿಲ್ಲ. ಕಾಯುವ ಯೋಗ್ಯತೆ ಎಲ್ಲಿದೆ?

ಒಂದು ಮಧ್ಯಾಹ್ನ ಎಣ್ಣೆ ತಿಕ್ಕುತ್ತಿರುವಾಗ ತಮ್ಮ ಗೋಡೆಯ ಕಡೆಯಿಂದಲೇ ಕೇಳಿದ.

"ಎಷ್ಟು ಕೆಳಗೆ ಹೋಗ್ತಿತ್ತು?"

ಅಣ್ಣನ ಕೈ ನಿಂತಿತು. ಅತ್ತಿಗೆ ಒಳಗಿನ ಕೋಣೆಯಲ್ಲಿದ್ದಳು. ಕೇಳಿದ್ದು ತನ್ನನ್ನೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅರ್ಧಕ್ಕಿಂತ ಜಾಸ್ತಿ."

"ಪ್ರತಿ ಸುತ್ತಲ್ಲೂನಾ?"

"ಕೊನೆ ಕೊನೆಗೆ ಪ್ರತಿ ಸುತ್ತಲ್ಲೂ. ನೇರ ರಸ್ತೇಲಿ ಮಾತ್ರ."

"ನೀನು ಹೇಗೆ ತಿರುಗಿಸ್ತಿದ್ದೆ?"

ಅಣ್ಣ ನೆಲ ನೋಡಿದ. ಸುಳ್ಳು ಹೇಳಬಹುದಿತ್ತು. ಏನು ಮಾಡಿದರೂ ತಪ್ಪುತ್ತಿರಲಿಲ್ಲ, ನನಗೂ ಅದೃಷ್ಟ ಇತ್ತು ಅಷ್ಟೇ, ಅನ್ನಬಹುದಿತ್ತು. ಹಾಗಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು.

"ಬ್ರೇಕ್ ಹಿಡಿಯೋ ಜಾಗಕ್ಕಿಂತ ಸ್ವಲ್ಪ ಮೊದಲೇ... ಮೆಲ್ಲಗೆ ಎರಡು ಸಲ ತುಳೀತಿದ್ದೆ. ಆಮೇಲೆ ಪೆಡಲ್ ಗಟ್ಟಿಯಾಗ್ತಿತ್ತು."

"ಎರಡು ಸಲ."

"ಹೂಂ."

"ಅಷ್ಟೇ ಸಾಕಿತ್ತಾ?"

"ಸಾಕಿತ್ತು ಕಣೋ..."

ಇಲ್ಲದ ಪಾದ ಹೊದಿಕೆಯ ಕೆಳಗೆ ಏನನ್ನೋ ತುಳಿದು ನೋಡುತ್ತಿರುವಂತೆ ತಮ್ಮನ ತೊಡೆಯ ನರವೊಂದು ಮೆಲ್ಲಗೆ ಬಿಗಿದು ಸಡಿಲವಾಯಿತು, ಮತ್ತೆ ಬಿಗಿದು ಸಡಿಲವಾಯಿತು. ಅಣ್ಣನ ಅಂಗೈಗೆ ಅದು ಗೊತ್ತಾಯಿತು. ಅವನು ಕೈ ತೆಗೆಯಲಿಲ್ಲ.

"ಆ ಪರದೆ ಎಳಿ," ಎಂದ ತಮ್ಮ ಕೊನೆಗೆ. "ಕಣ್ಣಿಗೆ ಬಿಸಿಲು ಹೊಡೀತಿದೆ."

ಕಿಟಕಿಯಲ್ಲಿ ಬಿಸಿಲಿರಲಿಲ್ಲ. ಅಣ್ಣ ಎದ್ದು ಹೋಗಿ ಪರದೆ ಎಳೆದ.