ಕಾಲುಬೇಡಿ ಒಂದು ಜೊತೆ

೧೯೯೮ರ ಫೆಬ್ರವರಿ ೯, ಸೋಮವಾರ ಬೆಳಿಗ್ಗೆ ೧೦-೧೫ಕ್ಕೆ ಪ್ರವಾಸದ ಬಸ್ಸು ನಡೆಸುವ ಮಧುಕರ ಸ್ವಾರಗೇಟ ಪೊಲೀಸ್ ಠಾಣೆಗೆ ದೂರು ತಂದ. ಹಿಂದಿನ ದಿನ ಅವನು ನಲವತ್ತೆರಡು ಜನರನ್ನು ಕೊಂಕಣದ ಒಂದು ಜಲದುರ್ಗಕ್ಕೆ ಕರೆದೊಯ್ದಿದ್ದ. ಅಲ್ಲಿನ ಹಳೆಯ ಸೆರೆಮನೆಯಿಂದ ಕಾಲುಬೇಡಿ ಒಂದು ಜೊತೆ ಕಾಣೆಯಾಗಿತ್ತು; ಕದ್ದವರು ನಿನ್ನ ಬಸ್ಸಿನವರೇ ಎಂದು ಕಾವಲುಗಾರ ಫೋನ್ ಮಾಡಿದ್ದ. ಕೃತ್ಯ ಬೇರೆ ಠಾಣೆಯ ಸರಹದ್ದಿನದಾದ್ದರಿಂದ ಇನ್‌ಸ್ಪೆಕ್ಟರ್ ಏಕನಾಥ ಸೊನ್ನೆ ನಂಬರಿನ ಎಫ್‌ಐಆರ್ ದಾಖಲಿಸಿದ.

ಮರುದಿನ, ಆ ಠಾಣೆಯವರ ಕೋರಿಕೆಯಂತೆ ತನಿಖೆಗೆಂದು, ಅವನೂ ಕಾನ್‌ಸ್ಟೇಬಲ್ ಹುಸೇನಪ್ಪನೂ ದೋಣಿ ಹತ್ತಿದರು. ಇಬ್ಬರೂ ಸೊಲ್ಲಾಪುರ ಕಡೆಯ ಕನ್ನಡದವರು. ಕೆರೆಗಿಂತ ದೊಡ್ಡ ನೀರು ಕಾಣದ ಹುಸೇನಪ್ಪ ದಾರಿಯುದ್ದಕ್ಕೂ ದೋಣಿಯ ಅಂಚು ಬಿಡಲಿಲ್ಲ. ಕೋಟೆ ಎದುರಾದಾಗ ಮಾತ್ರ ಹೆದರಿಕೆ ಮರೆತು ಬಾಯಿಬಿಟ್ಟು ನೋಡಿದ. ಗೋಡೆ ಸಮುದ್ರದೊಳಗಿಂದಲೇ ಎದ್ದಿತ್ತು. ಮುನ್ನೂರು ವರ್ಷ ಅಲೆ ಬಡಿದರೂ ಒಂದು ಕಲ್ಲು ಸರಿದಿರಲಿಲ್ಲ.

"ಏನ್ ಕಟ್ಟ್ಯಾರ್ರಿ ಸಾಹೇಬ್ರ! ಕಳ್ಳನ್ನ ಬಿಟ್ಟು ಇದನ್ನ ನೋಡ್ಕೋತ ನಿಂದ್ರಬೇಕನಸ್ತದ."

ಏಕನಾಥನಿಗೂ ಹಾಗೆಯೇ ಅನ್ನಿಸಿತ್ತು; ಅಧಿಕಾರಿಯಾದ್ದರಿಂದ ಹೇಳಲಿಲ್ಲ.

ಕಾವಲುಗಾರ ಖಾಲಿ ಕೊಂಡಿ ತೋರಿಸಿದ. ೧೯೩೨ರಲ್ಲಿ ದಡದಲ್ಲಿ ಕಲ್ಲು ಹೊರುತ್ತಿದ್ದ ಒಂಬತ್ತು ಸತ್ಯಾಗ್ರಹಿ ಕೈದಿಗಳು ಈಜಿ ಪಾರಾಗಿದ್ದರಂತೆ. ಮರಳಿನಲ್ಲಿ ಸಿಕ್ಕ ಬೇಡಿಗಳಲ್ಲಿ ಒಂದೂ ಮುರಿದಿರಲಿಲ್ಲ; ಅವುಗಳಲ್ಲಿ ಉಳಿದಿದ್ದ ಒಂದೇ ಜೊತೆ ಈ ಕೊಂಡಿಯಲ್ಲಿತ್ತು. ಹೇಗೆ ಕಳಚಿದರೋ ಯಾರಿಗೂ ತಿಳಿಯದು.

"ಭಾನುವಾರ ಯಾರ ಮೇಲಾದರೂ ಸಂಶಯ?"

"ಒಬ್ಬ ತೋಪು ನೋಡಲಿಲ್ಲ, ಬುರುಜು ನೋಡಲಿಲ್ಲ. ಒಂದೊಂದೇ ಬೇಡಿಯನ್ನು ಬೆರಳಿನಿಂದ ಬಡಿದು ಸದ್ದು ಕೇಳುತ್ತಿದ್ದ."

ಹಾಗೆ ಕೇಳುವವನು ಕಬ್ಬಿಣದ ಕೆಲಸದವನೇ ಇರಬೇಕು. ಮಧುಕರ ಕೊಟ್ಟ ಪ್ರಯಾಣಿಕರ ಪಟ್ಟಿಯಲ್ಲಿ ಅಂಥವನು ಒಬ್ಬನೇ: ಜಟ್ಟೆಪ್ಪ, ವಯಸ್ಸು ೫೧, ಚಾಕಣದ ಕಾರ್ಖಾನೆಯ ಕುಲುಮೆ ವಿಭಾಗ, ಮನೆ ಹಡಪಸರ.

ಫೆಬ್ರವರಿ ೧೧, ಸಂಜೆ ೫-೩೦. ಬಾಗಿಲು ತೆರೆದ ಜಟ್ಟೆಪ್ಪ ಅಡ್ಡ ಮಾತಾಡಲಿಲ್ಲ.

"ಬೇಡಿ ಎಲ್ಲಿ?"

"ಅವ್ವನ ಕೈಯಾಗ ಅದರಿ."

ಕಣ್ಣು ಕಾಣದ ಎಂಬತ್ತರ ಶಿವಬಸವ್ವ ಹಾಸಿಗೆಯಲ್ಲಿ ಕುಳಿತು ಬೇಡಿಯನ್ನು ತಡವುತ್ತಿದ್ದಳು.

"ಯಾಕ ಕದ್ದಿ?"

"ಅವ್ವನ ಅಪ್ಪ ಕಂಬಾರ್ರಿ, ಅಲ್ಲೇ ಕೈದಿ ಇದ್ದ. ಜೊತಿಯವರಿಗೆ ಬೇಡಿ ಬಡಿಯೋ ಕೆಲಸ ಅವಗ ಹಚ್ಚಿದ್ರು. ಅಲ್ಲೇ ಸತ್ತ. ಬೇಡಿಯವನ ಮಗಳು ಅಂತ ಊರವರು ಅವ್ವನ್ನ ಹತ್ತಿರ ಸೇರಿಸಲಿಲ್ಲ. ನಮ್ಮಪ್ಪ ಅಂಥವ ಅಲ್ಲ ಅಂತ ಜೀವನಪೂರ್ತಿ ಹೇಳಿದ್ಲು. ಯಾರೂ ನಂಬಲಿಲ್ರಿ. ಭಾನುವಾರ ಬಡದು ನೋಡಿದ್ರ ಒಂದರ ಕೀಲು ಪೊಳ್ಳು ಸದ್ದು ಮಾಡ್ತು. ಮ್ಯಾಲ ಅಜ್ಜನ ಮೂರು ಚುಕ್ಕಿ ಗುರುತು. ಅವ್ವಗ ಕಣ್ಣಿಲ್ಲ, ದೋಣಿ ಹತ್ತೂ ಶಕ್ತಿ ಇಲ್ಲ. ಮುಟ್ಟಿ ನೋಡ್ಲಿ ಅಂತ ತಂದೀನ್ರಿ."

ಅಡಿಕೆ ಕತ್ತರಿಸುವ ಮನೆಯ ಹಳೆಯ ಅಡಕೊತ್ತಿನ ಮೇಲೂ ಅದೇ ಮೂರು ಚುಕ್ಕಿಗಳಿದ್ದವು; ಕೀಲೂ ಅದೇ ಬಗೆಯದಿತ್ತು. ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆಸಿ ಏಕನಾಥ ಜಪ್ತಿ ಪಂಚನಾಮೆಗೆ ಕುಳಿತ.

"ಸಾಹೇಬ್ರ, ಇದನ್ನೂ ಬರಕೋರಿ," ಎಂದಳು ಶಿವಬಸವ್ವ. ಹೆಬ್ಬೆರಳಿನಿಂದ ಕೀಲು ಒತ್ತಿ ಅರ್ಧ ಸುತ್ತು ತಿರುವಿದಳು. ಬೇಡಿ ತೆರೆದುಕೊಂಡಿತು.

ಪಹರೆಯವರ ಕಣ್ಣೆದುರೇ ಕುಳಿತು ಒಂಬತ್ತು ಜನರ ಕಾಲು ಬಿಡಿಸಿದ ಆ ಕಂಬಾರನಿಗೆ ಏಕನಾಥ ಮನಸ್ಸಿನಲ್ಲೇ ಸಲಾಮು ಹೊಡೆದ. ಮರಾಠಿಯಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ: "ಸದರಿ ಬೇಡಿಯು ಪಂಚರ ಸಮಕ್ಷಮ, ಕೀಲಿಕೈ ಇಲ್ಲದೆ, ವೃದ್ಧೆಯೊಬ್ಬರ ಕೈಯಿಂದ ತೆರೆಯಿತು. ಇದನ್ನು ಮಾಡಿದವರು ಅವರ ತಂದೆ."

"ಇನ್ನೊಮ್ಮೆ ಓದ್ರಿ."

ಅವನು ಓದಿದ. ಪಂಚರು ಸಹಿ ಹಾಕಿದರು. ೬-೪೦ಕ್ಕೆ ಜಟ್ಟೆಪ್ಪನನ್ನು ಬಂಧಿಸಲಾಯಿತು.

ಜೀಪಿನಲ್ಲಿ ಏಕನಾಥ ಕೇಳಿದ, "ಯಾರೂ ನಂಬಲಿಲ್ಲ ಅಂದಿ. ನೀನು?"

ಜಟ್ಟೆಪ್ಪ ತಲೆ ತಗ್ಗಿಸಿದ. ಬಂಧನದ ವರದಿಯಲ್ಲಿ 'ಕೃತ್ಯಕ್ಕೆ ಕಾರಣ' ಎಂಬಲ್ಲಿ ಏಕನಾಥ ಒಂದೇ ಸಾಲು ಬರೆದ: ಆರೋಪಿಯು ಈವರೆಗೆ ತನ್ನ ತಾಯಿಯ ಮಾತನ್ನು ನಂಬಿರಲಿಲ್ಲ.